500 ಜಿಬಿ ಡಿಸ್ಕಿನ ಇಮೇಜ್ 480 ಜಿಬಿ ಎಸ್‌ಎಸ್‌ಡಿಗೆ ಹೋಗ್ತಿಲ್ಲ, ಮಾಡಿದವರು ಹೇಳಿ

ಬಳ್ಳಾರಿ ಜೀನ್ಸ್ ಯೂನಿಟ್: ಆಫೀಸ್ ಪಿಸಿಯ 500 ಜಿಬಿ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಕ್ಲೋನ್‌ಜಿಲ್ಲಾ ಅನ್ನೋ ಡಿಸ್ಕ್ ಕಾಪಿ ಸಾಫ್ಟ್‌ವೇರ್‌ನಲ್ಲಿ ತೆಗೆದ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚು ಇದೆ. ಹೊಸ 480 ಎಸ್‌ಎಸ್‌ಡಿಗೆ ರಿಸ್ಟೋರ್ ಕೊಟ್ಟರೆ ಡಿಸ್ಕ್ ಚಿಕ್ಕದು ಅಂತ ನಿಲ್ಲುತ್ತೆ. ಒಳಗಿರೋ ಡೇಟಾ 120 ಜಿಬಿ ಅಷ್ಟೇ. ಪಾರ್ಟಿಗಳ ಬಿಲ್ಲು, ಎಂಬ್ರಾಯ್ಡರಿ ಡಿಸೈನ್ ಎಲ್ಲಾ ಅದರಲ್ಲೇ.

ಗಂಗಾವತಿ ರೈಸ್‌ಮಿಲ್: ನಮ್ಮದು ವಿಂಡೋಸ್‌ನ ಸಿಸ್ಟಮ್ ಇಮೇಜ್. ಭತ್ತದ ಸುಗ್ಗಿ ಜೋರಿದ್ದಾಗ ಡಿಸ್ಕ್ ಹೋಯಿತು. ಲಾರಿ ಸಾಲುಗಟ್ಟಿ ನಿಂತಿವೆ, ತೂಕದ ಚೀಟಿ ಕೈಯಲ್ಲಿ ಬರೀತಿದ್ದೇವೆ. ರಿಪೇರಿಯವರು ಇಮೇಜ್ ಕೆಟ್ಟಿದೆ ಅಂದು ಹೊಸ ವಿಂಡೋಸ್ ಹಾಕೋಕೆ 800 ತಗೊಂಡರು, ಎಸ್‌ಎಸ್‌ಡಿಗೆ 3,400, ಡೇಟಾ ತೆಗೀತೀವಿ ಅಂತ 6,500 ಬೇರೆ, ಕೊನೆಗೆ ಒಂದು ಲೆಡ್ಜರೂ ಬರಲಿಲ್ಲ. ಇಮೇಜ್ ಕೆಟ್ಟೇ ಇರಲಿಲ್ಲ ರೀ! ಯಾರೋ ವಿಂಡೋಸ್‌ಇಮೇಜ್‌ಬ್ಯಾಕಪ್ ಫೋಲ್ಡರ್ ಎತ್ತಿ ‘ಹಳೇದು’ ಅನ್ನೋ ಫೋಲ್ಡರ್ ಒಳಗೆ ಹಾಕಿದ್ದರು. ಅದು ಡ್ರೈವ್ ತೆರೆದ ಕೂಡಲೇ ಕಾಣಬೇಕು, ಇನ್ನೊಂದರ ಒಳಗಿದ್ದರೆ ರಿಕವರಿಗೆ ಸಿಗಲ್ಲ. ನಾನೇ ಹೊರಗೆ ತಂದಿಟ್ಟೆ, ಊಟದ ಹೊತ್ತಿಗೆ ಟ್ಯಾಲಿ ಮೊದಲಿನ ಹಾಗೇ ತೆರೆಯಿತು.

ರಾಯಚೂರು ಡಿಟಿಪಿ: ಇಮೇಜ್ ನಂಬಬೇಡಿ. ನಮ್ಮದು ವಿಂಡೋಸ್ 7, ಎಂಬಿಆರ್ ಡಿಸ್ಕ್, ಅಂದರೆ ಡಿಸ್ಕ್ ಭಾಗ ಮಾಡೋ ಹಳೇ ಪದ್ಧತಿ. ಹೊಸ ಮಷೀನ್ ಬರೀ ಯುಇಎಫ್‌ಐ, ಹೊಸ ಬೂಟ್ ಪದ್ಧತಿಯದು. ರಿಸ್ಟೋರ್ ನೂರು ಪರ್ಸೆಂಟ್ ತೋರಿಸಿತು, ಆನ್ ಮಾಡಿದರೆ ಬೂಟ್ ಡಿವೈಸ್ ಇಲ್ಲ. ಲಗ್ನಪತ್ರಿಕೆ ಸೀಸನ್, ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟ ಮ್ಯಾಟರ್ ಎಲ್ಲಾ ಒಳಗೇ ಉಳಿಯಿತು. ಬೀಗರು ಅಂಗಡಿ ಮುಂದೆ ಕೂತುಬಿಟ್ಟರು. 4,000 ಅಡ್ವಾನ್ಸ್ ವಾಪಸ್ ಕೊಟ್ಟೆ. ಈಗ ಫೈಲ್ ಮಾತ್ರ ಎರಡು ಡಿಸ್ಕಿಗೆ ಕಾಪಿ. ಅಷ್ಟು ಸಾಕು.

ಗಂಗಾವತಿ ರೈಸ್‌ಮಿಲ್: ಫೈಲ್ ಸಾಕಾ? ಲಾರಿ ತೂಗೋ ವೇಬ್ರಿಡ್ಜನ್ನ ಪಿಸಿಗೆ ಜೋಡಿಸೋ ಕಾಮ್ ಪೋರ್ಟ್ ಸೆಟ್ಟಿಂಗ್, ಪ್ರಿಂಟರ್, ಲೈಸೆನ್ಸ್ ಯಾರು ಕೂರಿಸ್ತಾರೆ? ಎಂಬಿಆರ್‌ನ ಜಿಪಿಟಿ ಅನ್ನೋ ಹೊಸ ಪದ್ಧತಿಗೆ ಬದಲಾಯಿಸೋ ಟೂಲ್ ವಿಂಡೋಸ್ 10ರಲ್ಲೇ ಇದೆ.

ರಾಯಚೂರು ಡಿಟಿಪಿ: ವಿಂಡೋಸ್ 7 ಅಂತ ಬರೆದಿದ್ದೀನಿ. ಓದಿ ಆಮೇಲೆ ಮಾತಾಡಿ.

ಕೊಪ್ಪಳ ಆನ್‌ಲೈನ್ ಸೆಂಟರ್: ಬಳ್ಳಾರಿ ಅಣ್ಣಾ, ಕ್ಲೋನ್‌ಜಿಲ್ಲಾ ನೋಡೋದು ಪಾರ್ಟಿಶನ್ (ಡಿಸ್ಕಿನ ಭಾಗ) ಸೈಜ್, ಒಳಗಿರೋ ಡೇಟಾ ಅಲ್ಲ. ನಾನು ಸ್ನೇಹಿತರ 1 ಟಿಬಿ ಡಿಸ್ಕಿಗೆ ಮೊದಲು ರಿಸ್ಟೋರ್ ಮಾಡಿ, ಸಿ ಡ್ರೈವ್ ಶ್ರಿಂಕ್ ಮಾಡಿ ಚಿಕ್ಕದಾಗಿಸಿ, ಕೊನೆಯಲ್ಲಿದ್ದ ರಿಕವರಿ ಪಾರ್ಟಿಶನ್ನೂ ಜಿಪಾರ್ಟೆಡ್ ಅನ್ನೋ ಪಾರ್ಟಿಶನ್ ಸಾಫ್ಟ್‌ವೇರ್‌ನಲ್ಲಿ ಹಿಂದಕ್ಕೆ ಎಳೆದು ಮತ್ತೆ ಇಮೇಜ್ ತೆಗೆದೆ. ಆಮೇಲೆ ಎಕ್ಸ್‌ಪರ್ಟ್ ಮೋಡ್‌ನಲ್ಲಿ ಡಿಸ್ಕ್ ಸೈಜ್ ಚೆಕ್ ಬಿಡಿಸಿದ ಮೇಲೆ ಚಿಕ್ಕ ಎಸ್‌ಎಸ್‌ಡಿಗೆ ಹೋಯಿತು. ನಡುವೆ ಕರೆಂಟ್ ಹೋಗಿ ಮೊದಲಿಂದ ಶುರು ಮಾಡಬೇಕಾಯಿತು, ಯುಪಿಎಸ್ ಬ್ಯಾಟರಿಗೆ 1,100 ಬೇರೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕೋದು ತಪ್ಪು. ರಾಯಚೂರಿನವರಿಗೆ ಆ ಚಿಂತೆ ಇರಲ್ಲ, ಕರೆಂಟ್ ಅಲ್ಲೇ ತಯಾರಾಗುತ್ತೆ.

ರಾಯಚೂರು ಡಿಟಿಪಿ: ಯಾರು ಹೇಳಿದ್ದು? ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನಮಗೆ ಕಾಣುತ್ತೆ, ಆದರೆ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಮಧ್ಯಾಹ್ನ ಫ್ಯಾನ್ ತಿರುಗಲ್ಲ. ಬಂದು ಒಂದು ದಿನ ಅಂಗಡಿಯಲ್ಲಿ ಕೂತು ನೋಡಿ.

ಗಂಗಾವತಿ ರೈಸ್‌ಮಿಲ್: ಕರೆಂಟ್ ವಿಷಯ ಬಿಡ್ರಿ. ಬಳ್ಳಾರಿಯವರೇ, ಅಂಗಡಿಯವರು ವಾಪಸ್ ತಗೊಂಡರೆ ಆ 480 ಕೊಟ್ಟು 1 ಟಿಬಿ ತನ್ನಿ.

ರಾಯಚೂರು ಡಿಟಿಪಿ: ತಂದರೂ ಡಿಸೈನ್ ಫೈಲ್ ಮೊದಲು ಬೇರೆ ಕಡೆ ಕಾಪಿ ಮಾಡಿ.