ಕರೆಂಟ್ ಹೋದಾಗ ಅನ್‌ಮೌಂಟ್ ಮಾಡಿದ್ರೆ ಕರ್ನಲ್ ಪ್ಯಾನಿಕ್: ಪಾಯಿಂಟರ್ ನಲ್ ಮಾಡಿದ್ರೆ ಸಾಕಾ?

ಪ್ರಶ್ನೆ (ಕಲಬುರಗಿ): ನಮಸ್ಕಾರ ಮೇಡಂ. ಇಲ್ಲೊಂದು ಪ್ರಿಂಟಿಂಗ್ ಪ್ರೆಸ್‌ನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ವಿಂಡೋಸ್ ಸರ್ವರ್‌ನ ಶೇರ್ ಫೋಲ್ಡರ್ ಅನ್ನು ಲಿನಕ್ಸ್ ಮಷಿನ್‌ಗಳಲ್ಲಿ ಸಿಐಎಫ್‌ಎಸ್ (ಎಸ್‌ಎಂಬಿ ಎಂಬ ಫೈಲ್ ಹಂಚಿಕೆ ಪದ್ಧತಿಗೆ ಲಿನಕ್ಸ್ ಕಡೆಯ ಕೋಡ್) ಮೂಲಕ ಮೌಂಟ್ ಮಾಡಿದ್ದೇವೆ. ಕರ್ನಲ್ (ಲಿನಕ್ಸ್‌ನ ತಿರುಳು) 6.1 ಸರಣಿಯದು, ಮಷಿನ್ ಕೊಟ್ಟವರ ಸೋರ್ಸ್‌ನಿಂದ ನಾನೇ ಬಿಲ್ಡ್ ಮಾಡಿದ್ದು. ಬೇಸಿಗೆಯಲ್ಲಿ ನಮ್ಮೂರ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಕಂಪ್ಯೂಟರ್‌ಗಳು ಯುಪಿಎಸ್ ಮೇಲಿವೆ, ಆದರೆ ನೆಟ್‌ವರ್ಕ್ ಸ್ವಿಚ್ ಯುಪಿಎಸ್ ಮೇಲಿಲ್ಲ. ಸ್ವಿಚ್ ಆಫ್ ಆದಾಗ ಒಂದು ಸ್ಕ್ರಿಪ್ಟ್ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡುತ್ತದೆ. ಇನ್ನೊಂದು ಸ್ಕ್ರಿಪ್ಟ್ ಯಾರ್ಯಾರು ಯಾವ ಫೈಲ್ ತೆರೆದಿದ್ದಾರೆ ಅಂತ ಪ್ರೋಕ್ ಅಡಿಯ ಸಿಐಎಫ್‌ಎಸ್ ಫೋಲ್ಡರ್‌ನ ಓಪನ್ ಫೈಲ್ಸ್ ಅನ್ನು ಓದುತ್ತಲೇ ಇರುತ್ತದೆ. ಆಗಾಗ ಕರ್ನಲ್ ಪ್ಯಾನಿಕ್ ಆಗಿ ಮಷಿನ್ ನಿಂತುಹೋಗುತ್ತದೆ. ಸ್ಲಬ್ (ಕರ್ನಲ್‌ನಲ್ಲಿ ಮೆಮೊರಿ ಹಂಚುವ ಭಾಗ) ಡೀಬಗ್ ಹಾಕಿ ನೋಡಿದರೆ ರಿಜಿಸ್ಟರ್‌ನಲ್ಲಿ 6ಬಿ 6ಬಿ 6ಬಿ ಅಂತ ತುಂಬಿದೆ. ಸೆಷನ್ (ಸರ್ವರ್‌ಗೆ ಲಾಗಿನ್ ಆದ ದಾಖಲೆ) ಫ್ರೀ ಆಗುವ ಕಡೆ ಪಾಯಿಂಟರ್ (ಅದರ ಮೆಮೊರಿ ವಿಳಾಸ) ಅನ್ನು ನಲ್, ಅಂದರೆ ಖಾಲಿ ಮಾಡಿದೆ, ಈಗ ಬಹಳ ಕಮ್ಮಿ ಆಗಿದೆ. ಇಷ್ಟು ಸಾಕಾ?

ಉತ್ತರ: ಸಾಕಾಗಲ್ಲ ತಮ್ಮಾ. "ಕಮ್ಮಿ ಆಗಿದೆ" ಅಂದರೆ ಬಗ್ ಇನ್ನೂ ಅಲ್ಲೇ ಇದೆ ಅಂತ.

6ಬಿ ಅನ್ನೋದು ಫ್ರೀ ಆದ ಮೆಮೊರಿಯಲ್ಲಿ ಸ್ಲಬ್ ತುಂಬುವ ಗುರುತು. ಅಂದರೆ ಬಿಟ್ಟುಕೊಟ್ಟ ಜಾಗವನ್ನು ಯಾರೋ ಇನ್ನೂ ಓದುತ್ತಿದ್ದಾರೆ, ಯೂಸ್ ಆಫ್ಟರ್ ಫ್ರೀ. ನೀನು ನಲ್ ಬರೆಯೋ ಹೊತ್ತಿಗೆ ಇನ್ನೊಂದು ಸಿಪಿಯು ಆ ಪಾಯಿಂಟರ್ ಅನ್ನು ತನ್ನ ರಿಜಿಸ್ಟರ್‌ಗೆ ಎತ್ತಿಕೊಂಡು ಆಗಿರಬಹುದು. ಅದಕ್ಕೆ ನಿನ್ನ ನಲ್ ಕಾಣೋದೇ ಇಲ್ಲ.

ನಿನ್ನ ಕೇಸಿನಲ್ಲಿ ಓಪನ್ ಫೈಲ್ಸ್ ಓದುವ ಫಂಕ್ಷನ್ ಒಂದು ಸ್ಪಿನ್‌ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಬೀಗ) ಹಿಡಿದು ಸರ್ವರ್ ಪಟ್ಟಿ, ಅದರೊಳಗೆ ಸೆಷನ್ ಪಟ್ಟಿ, ಅದರೊಳಗೆ ಟ್ರೀ ಕನೆಕ್ಷನ್ (ಒಂದೊಂದು ಶೇರ್‌ನ ಸಂಪರ್ಕ), ಕೊನೆಗೆ ತೆರೆದ ಫೈಲ್ ಅಂತ ಇಳಿಯುತ್ತಾ ಹೋಗುತ್ತದೆ. ಆ ಕಡೆ ಅನ್‌ಮೌಂಟ್ ಸೆಷನ್ನಿನ ಕೊನೆಯ ರೆಫರೆನ್ಸ್ ಬಿಡುತ್ತದೆ, ಎಷ್ಟು ಕಡೆ ಅದನ್ನು ಬಳಸುತ್ತಿದ್ದಾರೆ ಅನ್ನೋ ಲೆಕ್ಕ ಸೊನ್ನೆ ಆಗುತ್ತದೆ, ಸ್ಥಿತಿ "ಎಕ್ಸಿಟಿಂಗ್" ಆಗುತ್ತದೆ. ಆಮೇಲೆ ಸರ್ವರ್‌ಗೆ ಲಾಗಾಫ್ ಕಳಿಸಬೇಕು. ಅದು ನೆಟ್‌ವರ್ಕ್ ಕೆಲಸ, ಉತ್ತರಕ್ಕೆ ಕಾಯಬೇಕು, ಸ್ಪಿನ್‌ಲಾಕ್ ಹಿಡಿದುಕೊಂಡು ಕರ್ನಲ್‌ನಲ್ಲಿ ನಿದ್ದೆ ಮಾಡೋ ಹಾಗಿಲ್ಲ, ಹಾಗಾಗಿ ಲಾಕ್ ಬಿಡಲೇಬೇಕು. ಪಟ್ಟಿಯಿಂದ ಸೆಷನ್ ಅನ್ನು ತೆಗೆಯೋದು ಇದೆಲ್ಲ ಆದ ಮೇಲೆ. ಆ ನಡುವಿನ ಹೊತ್ತಲ್ಲಿ ಸೆಷನ್ ಪಟ್ಟಿಯಲ್ಲಿ ಇದೆ, ಆದರೆ ಅದನ್ನು ಬಿಚ್ಚುವ ಕೆಲಸ ಶುರುವಾಗಿದೆ. ರೈಲಿನ ಚಾರ್ಟ್‌ನಲ್ಲಿ ಹೆಸರಿದೆ, ಆಳು ವಾಡಿಯಲ್ಲೇ ಇಳಿದು ಹೋಗಿದ್ದಾನೆ. ಲಾಕ್ ಕಾಯುತ್ತಿರೋದು ಪಟ್ಟಿಯನ್ನು, ಸೆಷನ್ನಿನ ಆಯುಷ್ಯವನ್ನಲ್ಲ.

ಕರೆಂಟ್ ಹೋದಾಗಲೇ ಯಾಕೆ ಅಂದರೆ, ಸ್ವಿಚ್ ಸತ್ತಿರೋದು ಕ್ಲೈಂಟ್‌ಗೆ ತಕ್ಷಣ ಗೊತ್ತಾಗಲ್ಲ. ಎಕೋ (ಸರ್ವರ್ ಬದುಕಿದೆಯಾ ಅಂತ ಕೇಳುವ ಸಂದೇಶ) ಕಳಿಸುವ ಅಂತರ ಡೀಫಾಲ್ಟಾಗಿ 60 ಸೆಕೆಂಡ್. ಲಾಗಾಫ್ ಕಳಿಸಿ ಬರದೇ ಇರೋ ಉತ್ತರಕ್ಕೆ ಕಾಯುತ್ತಾ ಕೂತರೆ ಆ ನಡುವಿನ ಹೊತ್ತು ಉದ್ದ ಆಗುತ್ತದೆ. ಕಚೇರಿಯ ನೆಟ್‌ವರ್ಕ್ ಚೆನ್ನಾಗಿರೋ ಕಡೆ ಈ ಬಗ್ ವರ್ಷಗಟ್ಟಲೆ ಕಾಣದೇ ಇರಬಹುದು.

ಪ್ರಶ್ನೆ: ಹಾಗಾದರೆ ಓದುವ ಕಡೆ ರೆಫರೆನ್ಸ್ ಒಂದು ಹೆಚ್ಚಿಸಿಕೊಂಡು ಹೋದರೆ?

ಉತ್ತರ: ಬದುಕಿರೋ ಸೆಷನ್ನಿಗಾದರೆ ಸರಿ. ಸೊನ್ನೆಗೆ ಇಳಿದ ಲೆಕ್ಕವನ್ನು ಮತ್ತೆ 1 ಮಾಡಬಾರದು. ಫ್ರೀ ಮಾಡುವ ಕಡೆಯವರು ಆಗಲೇ ತೀರ್ಮಾನ ಮಾಡಿ ಮುಂದೆ ಹೋಗಿದ್ದಾರೆ, ಅವರು ತಿರುಗಿ ನೋಡಲ್ಲ. ಆಮೇಲೆ ನೀನು ಬಿಟ್ಟಾಗ ಎರಡನೇ ಸಲ ಫ್ರೀ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಅದಕ್ಕೇ ಕರ್ನಲ್‌ನಲ್ಲಿ "ಸೊನ್ನೆ ಅಲ್ಲದಿದ್ದರೆ ಮಾತ್ರ ಹೆಚ್ಚಿಸು" ಅನ್ನೋ ತರದ ಫಂಕ್ಷನ್ ಬೇರೆಯೇ ಇದೆ.

ಇಲ್ಲಿ ಮೇನ್‌ಲೈನ್, ಅಂದರೆ ಮೂಲ ಕರ್ನಲ್‌ನವರು ಮಾಡಿದ್ದು ಇನ್ನೂ ಸರಳ. ಏಪ್ರಿಲ್ 2024ರಲ್ಲಿ ಇದೇ ಫಂಕ್ಷನ್ನಿಗೆ ಪ್ಯಾಚ್ ಬಂತು, ಸಿವಿಇ-2024-26928 ಅಂತ ಭದ್ರತಾ ದೋಷದ ನಂಬರ್ ಕೂಡ ಇದೆ. ಸೆಷನ್ ಎಕ್ಸಿಟಿಂಗ್ ಸ್ಥಿತಿಯಲ್ಲಿದ್ದರೆ ಅದರೊಳಗೆ ಇಳಿಯಬೇಡ, ಮುಂದಿನದಕ್ಕೆ ಹೋಗು, ಇಷ್ಟೇ. ಇದೇ ತರದ ತಪ್ಪು ಅಂಕಿಅಂಶ ತೋರಿಸುವ ಕಡೆ, ಆಪ್‌ಲಾಕ್ ಬ್ರೇಕ್, ಲೀಸ್ ಬ್ರೇಕ್ (ಫೈಲ್ ಕ್ಯಾಶ್ ಮಾಡಲು ಕೊಟ್ಟ ಅನುಮತಿಯನ್ನು ಸರ್ವರ್ ವಾಪಸ್ ಪಡೆಯೋದು) ನೋಡುವ ಕಡೆ ಎಲ್ಲ ಇತ್ತು, ಅವೂ ಆ ಸಲವೇ ಸರಿ ಆದವು. ಹಾಗಾಗಿ ನೀನೂ ಒಂದೇ ಸಾಲು ತಿದ್ದಿ ಸುಮ್ನೆ ಕೂರಬೇಡ, ಸೆಷನ್ ಪಟ್ಟಿ ಸುತ್ತುವ ಪ್ರತಿಯೊಂದು ಲೂಪ್ ಹುಡುಕು. ಒಂದು ಮಾತು: 6.4ರ ಹೊತ್ತಿಗೆ ಈ ಕೋಡ್ ಎಫ್‌ಎಸ್ ಅಡಿಯ ಸಿಐಎಫ್‌ಎಸ್‌ನಿಂದ ಎಸ್‌ಎಂಬಿ ಕ್ಲೈಂಟ್ ಫೋಲ್ಡರ್‌ಗೆ ಹೋಯಿತು. ನಿನ್ನ 6.1ರ ಸೋರ್ಸ್‌ನಲ್ಲಿ ಯಾವ ಜಾಗದಲ್ಲಿದೆ ಅಂತ ನೋಡಿಕೋ, ಪ್ಯಾಚ್ ಹಾಕುವಾಗ ಗಲಿಬಿಲಿ ಆಗಬೇಡ.

ನಲ್ ಮಾಡೋ ಚಟಕ್ಕೆ ಇನ್ನೊಂದು ಉದಾಹರಣೆ. ಕರ್ನಲ್ ಒಳಗೇ ಇರುವ ಎಸ್‌ಎಂಬಿ ಸರ್ವರ್, ಕೆಎಸ್‌ಎಂಬಿಡಿ, 5.15ರಲ್ಲಿ ಬಂತು. ಅದರ ಲಾಗಾಫ್ ಫಂಕ್ಷನ್ ಸೆಷನ್ನಿನ ಯೂಸರ್ ಅನ್ನು ಫ್ರೀ ಮಾಡಿ ಕೆಳಗೇ ನಲ್ ಕೂಡ ಬರೆಯುತ್ತಿತ್ತು. ಆದರೆ ಎಸ್‌ಎಂಬಿ 3ರಲ್ಲಿ ಒಂದೇ ಸೆಷನ್ನಿಗೆ ಎರಡನೇ ಕನೆಕ್ಷನ್ ಬಂದು ಸೇರಿಕೊಳ್ಳಬಹುದು. ಅದು ಸೆಷನ್ ಸೆಟಪ್‌ನಲ್ಲಿ ಇದೇ ಯೂಸರ್ ಅನ್ನು ಬಳಸುತ್ತಾ ಇರುವಾಗ ಮೊದಲನೆಯದು ಲಾಗಾಫ್ ಆದರೆ ಕಥೆ ಮುಗೀತು. 2025ರಲ್ಲಿ ಸರಿ ಮಾಡಿದಾಗ ಹೊಸ ಚೆಕ್ ಹಾಕಲಿಲ್ಲ, ಲಾಗಾಫ್‌ನಲ್ಲಿದ್ದ ಆ ಫ್ರೀಯನ್ನೇ ತೆಗೆದು ಹಾಕಿದರು. ನನಗೆ ಬಹಳ ಹಿಡಿಸಿದ ಪ್ಯಾಚ್ ಅದು.

ಬೀದರ್‌ನಿಂದ ಒಬ್ಬರು: ಮೇಡಂ, ಇದನ್ನೆಲ್ಲ ರಸ್ಟ್‌ನಲ್ಲಿ ಬರೆದ್ರೆ ಈ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ಈ ಜಾತಿಯ ಬಗ್ ಬಹಳ ಮಟ್ಟಿಗೆ ಕಂಪೈಲ್ ಆಗುವಾಗಲೇ ಸಿಕ್ಕಿಬೀಳುತ್ತದೆ, ನಿಜ. ಕರ್ನಲ್‌ಗೆ ರಸ್ಟ್ 6.1ರಲ್ಲೇ ಬಂದಿದೆ. ಆದರೆ ಸಿಐಎಫ್‌ಎಸ್ ಸಿ ಭಾಷೆಯಲ್ಲಿದೆ, ಪ್ರೆಸ್ ನಾಳೆಯೂ ನಡೀಬೇಕು.

ಪ್ರಶ್ನೆ: ಪ್ಯಾಚ್ ಹಾಕಿದ ಮೇಲೆ ನಿಜವಾಗಿ ಹೋಯ್ತು ಅಂತ ಹೇಗೆ ನಂಬೋದು? ಕರೆಂಟ್ ಹೋಗೋದನ್ನೇ ಕಾಯ್ತಾ ಕೂರಬೇಕಾ?

ಉತ್ತರ: ಬೇಡಪ್ಪ. ವರ್ಚುವಲ್ ಮಷಿನ್‌ನಲ್ಲಿ ಕಾಸಾನ್ (ಮೆಮೊರಿ ತಪ್ಪು ಹಿಡಿಯುವ ಕರ್ನಲ್‌ನ ಸಾಧನ) ಆನ್ ಮಾಡಿದ ಕರ್ನಲ್ ಹಾಕು. ಪ್ರತಿ 8 ಬೈಟ್‌ಗೆ 1 ಬೈಟ್ ಲೆಕ್ಕ ಇಡುತ್ತದೆ, ಅಂದರೆ ಮೆಮೊರಿಯಲ್ಲಿ ಎಂಟನೇ ಒಂದು ಭಾಗ ಅದಕ್ಕೇ ಹೋಗುತ್ತದೆ, ನಿಧಾನವೂ ಆಗುತ್ತದೆ. ಆದರೆ ಯಾರು ಮುಟ್ಟಿದರು, ಯಾರು ಅಲೊಕೇಟ್ ಮಾಡಿದರು, ಯಾರು ಫ್ರೀ ಮಾಡಿದರು ಅಂತ ಮೂರೂ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನೋ ಪಟ್ಟಿ) ಬರೆದು ಕೊಡುತ್ತದೆ. ಮೂರನೆಯದನ್ನು ಮೊದಲು ಓದು. ಜಾಸ್ತಿ ಜನ ಮೊದಲನೆಯದನ್ನು ನೋಡಿ ಅಲ್ಲೇ ಒಂದು ಇಫ್ ಹಾಕಿ ಎದ್ದು ಹೋಗುತ್ತಾರೆ.

ಕರೆಂಟ್ ಹೋದ ಹಾಗೆ ಮಾಡೋಕೆ ಟಿಸಿ ಕಮಾಂಡ್‌ನ ನೆಟ್‌ಎಮ್ ಬಳಸು. ಪ್ಯಾಕೆಟ್‌ಗೆ ಒಂದೆರಡು ಸೆಕೆಂಡ್ ತಡ ಹಾಕು, ಲಾಗಾಫ್ ಅಷ್ಟೂ ಹೊತ್ತು ನೇತಾಡುತ್ತದೆ. ಒಂದು ಟರ್ಮಿನಲ್‌ನಲ್ಲಿ ಮೌಂಟ್-ಅನ್‌ಮೌಂಟ್ ಲೂಪ್, ಇನ್ನೊಂದರಲ್ಲಿ ಓಪನ್ ಫೈಲ್ಸ್ ಓದುವ ಲೂಪ್. ಮೊದಲು ಹಳೆಯ ಕರ್ನಲ್ ಮೇಲೆ ಓಡಿಸಿ ಕಾಸಾನ್ ಬೈಯುವವರೆಗೂ ಬಿಡಬೇಡ. ಅಲ್ಲಿ ಬೈಸಿಕೊಳ್ಳದೇ ಹೊಸದರ ಮೇಲೆ ಓಡಿಸಿ "ಪಾಸ್" ಅಂದರೆ ಅದಕ್ಕೆ ಬೆಲೆ ಇಲ್ಲ.

ಪ್ರೆಸ್‌ನ ಮಷಿನ್‌ಗಳಲ್ಲಿ ಕಾಸಾನ್ ಬೇಡ, ಕೆಫೆನ್ಸ್ ಸಾಕು. ಅದು 5.12ರಿಂದ ಇದೆ, ಅಲ್ಲೊಂದು ಇಲ್ಲೊಂದು ಅಲೊಕೇಶನ್ ಮಾತ್ರ ಕಾಯುತ್ತದೆ, ಭಾರ ಗೊತ್ತಾಗಲ್ಲ.

ಪ್ಯಾಚ್ ಹೊಸದಾಗಿ ಬರೆಯೋಕೆ ಹೋಗಬೇಡ. 6.1ರ ಇತ್ತೀಚಿನ ಸ್ಟೇಬಲ್ ಬಿಡುಗಡೆಯ ಲಾಗ್ ನೋಡು, ಇದ್ದರೆ ಕರ್ನಲ್ಲೇ ಅಪ್‌ಡೇಟ್ ಮಾಡು. ಮಷಿನ್ ಕೊಟ್ಟವರ ಸೋರ್ಸ್ ಅದಕ್ಕೆ ಹೊಂದಲ್ಲ ಅಂದರೆ ಗಿಟ್‌ನಲ್ಲಿ ಚೆರ್ರಿ-ಪಿಕ್ (ಆ ಒಂದು ಬದಲಾವಣೆ ಮಾತ್ರ ಎತ್ತಿ ತರೋದು) ಮಾಡುವಾಗ ಮೈನಸ್ ಎಕ್ಸ್ ಹಾಕು, ಮೂಲ ಕಮಿಟ್ ಯಾವುದು ಅಂತ ಮೆಸೇಜ್‌ನಲ್ಲಿ ಉಳಿಯುತ್ತದೆ. ನಿನ್ನ ಆ ನಲ್ ಸಾಲನ್ನು ಮರೀದೇ ತೆಗಿ, ಇಲ್ಲದಿದ್ದರೆ ಮುಂದಿನ ಬಗ್ ಅನ್ನು ಅದೇ ಮುಚ್ಚಿಡುತ್ತದೆ.

ಪ್ರಶ್ನೆ: ಸರಿ ಮೇಡಂ. ಅಲ್ಲಿವರೆಗೂ?

ಉತ್ತರ: ಓಪನ್ ಫೈಲ್ಸ್ ಓದುವ ಸ್ಕ್ರಿಪ್ಟ್ ಇವತ್ತೇ ನಿಲ್ಲಿಸು. ಸ್ವಿಚ್ ಅನ್ನೂ ಯುಪಿಎಸ್‌ಗೆ ಸಿಗಿಸಪ್ಪ, ಅದು ತಿನ್ನೋ ಕರೆಂಟ್ ಎಷ್ಟು ಮಹಾ!