ಈ ದೊಡ್ಡ ಎಲೆಯ ಗಿಡ ಯಾವುದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೆಳಗಿನ ಮನೆಯವರು ಖಾಲಿ ಮಾಡಿ ಹೋಗುವಾಗ ಒಂದು ಕುಂಡ ನಮ್ಮ ಬಾಲ್ಕನಿಯಲ್ಲಿ ಇಟ್ಟು ಹೋದರು. ಹೆಸರು ಕೇಳಿದರೆ "ಶೋ ಗಿಡ" ಅಂದರು, ಅಷ್ಟೇ. ಆಗ ಮೂರೇ ಎಲೆ ಇತ್ತು. ಈಗ ಒಂದೊಂದು ಎಲೆಯೂ ಮೊರದಷ್ಟು ಅಗಲ.

ಎಲೆ ದಪ್ಪ, ಎಣ್ಣೆ ಸವರಿದ ಹಾಗೆ ಹೊಳಪು, ಅಂಚು ಅಲೆಅಲೆ. ತುದಿ ಆಕಾಶ ನೋಡುತ್ತದೆ, ಕೆಸುವಿನ ಹಾಗೆ ಕೆಳಗೆ ಜೋತುಬಿದ್ದಿಲ್ಲ. ದಂಟು ಎಲೆಯ ಸೀಳು ಮುಗಿಯುವ ಜಾಗಕ್ಕೇ ಸೇರಿದೆ. ಕೆಸುವಿನಲ್ಲಿ ಸ್ವಲ್ಪ ಒಳಗೆ, ಎಲೆಯ ಬೆನ್ನಿಗೆ ಅಂಟಿರುತ್ತದೆ ಅಲ್ವಾ? ನೀರು ಜಾಸ್ತಿ ಹಾಕಿದರೆ ಮರುದಿನ ಬೆಳಿಗ್ಗೆ ಎಲೆಯ ತುದಿಯಿಂದ ಹನಿ ತೊಟ್ಟಿಕ್ಕಿ ನೆಲ ಒದ್ದೆ. ನಾನು ಸುಮ್ನೆ ಎರಡು ದಿನ ಪೈಪು ಸೋರುತ್ತಿದೆ ಅಂತ ಹುಡುಕಿದೆ.

ಅಲೊಕೇಸಿಯಾ ಇರಬಹುದು ಅಂತ ನನ್ನ ಅನುಮಾನ. ತಂಗಿ ಫಿಲೋಡೆಂಡ್ರಾನ್ ಅನ್ನುತ್ತಾಳೆ. ನಮ್ಮತ್ತೆ ಪುತ್ತೂರಿನವರು. "ಕೆಸುವೇ ಇದು, ಪತ್ರೊಡೆ ಮಾಡುವ" ಅಂತ ಎರಡು ಸಲ ಚೂರಿ ಹಿಡಿದು ಬಂದರು! ಹೇಗೋ ತಡೆದಿದ್ದೇನೆ. ಈ ಮೂರರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತದೆ, ಹಸಿಯಾಗಿ ಬಾಯಿಗೆ ಹೋದರೆ ನಾಲಿಗೆ, ಗಂಟಲು ಉರಿ. ಕೆಸುವಾದರೆ ಹುಳಿ ಹಾಕಿ ಬೇಯಿಸಿ ತಿನ್ನುತ್ತೇವೆ, ಇದನ್ನು ಹೇಗೆ ನಂಬುವುದು? ಮೊನ್ನೆ ಹಳದಿ ಎಲೆ ಕತ್ತರಿಸುವಾಗ ರಸ ತಾಗಿ ನನ್ನ ಮಣಿಕಟ್ಟು ಸಂಜೆವರೆಗೂ ತುರಿಸಿತು.

ಮನೆಯಲ್ಲಿ ಎರಡು ವರ್ಷದ ಮಗು ಇದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅದಕ್ಕೇ ಅವಸರ. ಎಲೆಯ ಹಿಂಭಾಗ, ದಂಟಿನ ಬುಡ ಎರಡರ ಫೋಟೋನೂ ಹಾಕಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿ. ಅತ್ತೆ ಅಕ್ಕಿ ನೆನೆಸುವ ಮೊದಲು.