ಅಪ್‌ಡೇಟ್: ಬಾಗಿದ ವಾರ್ಡ್‌ರೋಬ್ ಬಾಗಿಲುಗಳಿಗೆ ಕಾರಣ ಸಿಕ್ಕಿತು

ಹೊಸ ಕಟ್ಟಡದಲ್ಲಿ 18 ಮಿ.ಮೀ. ಪ್ಲೈವುಡ್‌ನಿಂದ ಮಾಡಿಸಿದ ವಾರ್ಡ್‌ರೋಬ್ ಬಾಗಿಲುಗಳು ಒಂದೇ ತಿಂಗಳಲ್ಲಿ ಬಿಲ್ಲಿನಂತೆ ಬಾಗಿದವು, ಪ್ಲೈವುಡ್ ಕಳಪೆಯೇ ಎಂದು ಕೇಳಿದ್ದೆ. ಅಲ್ಲ, ತಪ್ಪು ಕೆಲಸದ ಕ್ರಮದಲ್ಲಿತ್ತು.

ಹೊರಮೈಗೆ ಮಾತ್ರ 1 ಮಿ.ಮೀ. ಲ್ಯಾಮಿನೇಟ್ (ಮೇಲೆ ಅಂಟಿಸುವ ಗಟ್ಟಿ, ತೆಳು ಹಾಳೆ) ಅಂಟಿಸಿ, ಒಳಮೈಗೆ ತೆಳುವಾಗಿ ಬಣ್ಣ ಬಳಿದಿದ್ದರು. ಬಣ್ಣದ ಮೈ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಲ್ಯಾಮಿನೇಟ್ ಇರುವ ಮೈ ಅಷ್ಟಾಗಿ ಅಲುಗುವುದಿಲ್ಲ. ಎಳೆತವೆಲ್ಲ ಒಂದೇ ಕಡೆಗೆ. ಸಾಲದ್ದಕ್ಕೆ, ಗಾರೆ ಇನ್ನೂ ಹಸಿಯಾಗಿದ್ದ ಗೋಡೆಗೇ ಹಲಗೆಗಳನ್ನು ಓರೆಯಾಗಿ ಒರಗಿಸಿದ್ದರು. ಅದನ್ನು ಕಣ್ಣಾರೆ ಕಂಡೂ ನಾನು ಸುಮ್ಮನಿದ್ದೆ. ಆ ಬೇಸರ ಈಗಲೂ ಇದೆ.

ಎರಡು ಬಾಗಿಲುಗಳನ್ನು ಉಳಿಸಲಾಗಲಿಲ್ಲ. ಹೊಸದಾಗಿ ಮಾಡುವಾಗ ಎರಡೂ ಮೈಗೆ ಒಂದೇ ದಪ್ಪದ ಲ್ಯಾಮಿನೇಟ್ ಅಂಟಿಸಿ, ಅಂಟು ಒಣಗುವವರೆಗೆ ಸಮತಟ್ಟಾದ ಜಾಗದಲ್ಲಿ ಮಲಗಿಸಿ ಭಾರ ಹೇರಿದೆವು. ಅಂಚುಗಳನ್ನೂ ಪಟ್ಟಿಯಿಂದ ಮುಚ್ಚಿದೆವು. ಏಳು ಅಡಿ ಎತ್ತರದ ಬಾಗಿಲಿಗೆ ಮೂರರ ಬದಲು ಐದು ಹಿಂಜ್. ಈ ಬಾರಿ ಬಂದ ಹಿರಿಯ ಬಡಗಿ, ಅಂಚಿನಲ್ಲಿ ಸಣ್ಣ ತೂತು ಕೊರೆಯದೆ ಒಂದು ಸ್ಕ್ರೂವನ್ನೂ ತಿರುಗಿಸಲಿಲ್ಲ, ಪದರಗಳು ಸೀಳುತ್ತವೆ ಎಂದು. ಅವರ ತಾಳ್ಮೆ ನೋಡುವುದೇ ಒಂದು ಸಂತೋಷ.

ಒಂದು ಮಳೆಗಾಲ ಕಳೆದಿದೆ. ನಿನ್ನೆ ಬಾಗಿಲುಗಳ ಮೈಗೆ ನೇರಪಟ್ಟಿ ಹಿಡಿದು ನೋಡಿದೆ. ನಡುವೆ ಎಲ್ಲಿಯೂ ಬೆಳಕು ನುಸುಳಲಿಲ್ಲ, ಅಂದರೆ ಬಾಗಿಲ್ಲ.